ಗಂಟಲಲ್ಲಿ ಕಂಡ ಎರಡನೆಯ ಚುಕ್ಕೆ

ನಮ್ಮ ಸ್ಕ್ಯಾನ್ ವಿಭಾಗದಲ್ಲಿ ದಿನ ಶುರುವಾಗುವುದು ಹಾಲು ಕರೆಯುವುದರಿಂದ. ಸೀಸದ ಗೋಡೆಯ ಹಿಂದಿರುವ ಒಂದು ಸಣ್ಣ ಪೆಟ್ಟಿಗೆಗೆ ಎಲ್ಲರೂ ಹಸು ಎನ್ನುತ್ತಾರೆ. ಬೆಳಿಗ್ಗೆ ಅದರೊಳಗೆ ಆಮ್ಲ ಹಾಯಿಸಿದರೆ ವಿಕಿರಣ ಸೂಸುವ ಗ್ಯಾಲಿಯಂ ಇಳಿದು ಬರುತ್ತದೆ. ಅದನ್ನು ಔಷಧಕ್ಕೆ ಸೇರಿಸಿ ಚುಚ್ಚಿದರೆ ಗಡ್ಡೆ ಇದ್ದಲ್ಲಿ ಹೋಗಿ ಕೂರುತ್ತದೆ, ಚಿತ್ರದಲ್ಲಿ ಚುಕ್ಕೆಯಾಗಿ ಹೊಳೆಯುತ್ತದೆ. ಗ್ಯಾಲಿಯಂ ಬದಲು ಫ್ಲೋರಿನ್ ಸೇರಿಸಿದರೂ ನಡೆಯುತ್ತದೆ. ಆದರೆ ಅದು ದೂರದ ಊರಿನಿಂದ ಕಾರಿನಲ್ಲಿ ಬರಬೇಕು, ಅರ್ಧ ಶಕ್ತಿ ದಾರಿಯಲ್ಲೇ ಹೋಗುತ್ತದೆ. ನಾವು ದಕ್ಷಿಣ ಜರ್ಮನಿಯ ಶ್ವಾಬಿಯಾದವರು, ಜಿಪುಣರೆಂದೇ ಹೆಸರಾದವರು. ಮನೆಯಲ್ಲಿ ಕರೆಯುವ ಹಸು ಇರುವಾಗ ಹೊರಗೆ ಹಾಲು ಕೊಳ್ಳುವುದು ನಮ್ಮ ಮೈಗೆ ಒಗ್ಗದ ಕೆಲಸ.

ರೋಸ್ವಿತಾ ಕ್ನೋಡ್ಲರ್ ವಿಭಾಗದ ಡಾಕ್ಟರಾದ ನನ್ನ ಸೂಜಿಗೆ ತೋಳು ಕೊಟ್ಟು ಇದನ್ನೆಲ್ಲ ಕೇಳಿದರು. ಆಕೆ ಆಲ್ಬ್ ಬೆಟ್ಟದ ಮೇಲಿನ ಕರುಗಳ ಹರಾಜಿನಲ್ಲಿ ಬೆಲೆ ಕೂಗುವವರು.

"ಎಷ್ಟು ಕೊಡತ್ತೆ ನಿಮ್ಮ ಹಸು?"

"ಒಂದೆರಡು ಚಮಚ, ಫ್ರಾವ್ ಕ್ನೋಡ್ಲರ್."

"ನನ್ನ ಹತ್ರ ತಂದಿದ್ರೆ ಕಸಾಯಿಯವನೂ ಬೆಲೆ ಕಟ್ತಿರ್ಲಿಲ್ಲ ಬಿಡಿ!"

ಆಕೆಯ ಶ್ವಾಸನಾಳದ ಕೆಳತುದಿಯಲ್ಲಿ ಗಡ್ಡೆ ಇರುವುದು ಮೊದಲೇ ಗೊತ್ತಿತ್ತು. ಅದು ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡಲು ನಮ್ಮ ಹೊಸ ಯಂತ್ರಕ್ಕೆ ಕಳಿಸಿದ್ದರು. ವಿಕಿರಣದ ಚುಕ್ಕೆ ಹಿಡಿಯುವ ಪೆಟ್ ಮತ್ತು ಅಯಸ್ಕಾಂತದಿಂದ ದೇಹದ ಚಿತ್ರ ತೆಗೆಯುವ ಎಂಆರ್ ಎರಡೂ ಒಂದೇ ಸುರಂಗದಲ್ಲಿ. ಸುತ್ತ ದೊಡ್ಡ ಅಯಸ್ಕಾಂತ. ಚಿತ್ರ ಬಂದಾಗ ಚುಕ್ಕೆಗಳು ಎರಡಿದ್ದವು. ಒಂದು ಗಡ್ಡೆಯದು. ಇನ್ನೊಂದು ಅದಕ್ಕೆ ನೇರ ಮೇಲೆ, ಧ್ವನಿತಂತುಗಳ ಹತ್ತಿರ.

ಗಂಟಲಿನ ಡಾಕ್ಟರು ನಳಿಕೆ ಇಳಿಸಿ ನೋಡಿದರು. ಮೇಲ್ಮೈ ನಯವಾಗಿತ್ತು, ಒಳಗಿನದು ಗೊತ್ತಾಗುತ್ತಿರಲಿಲ್ಲ. ಚೂರು ಕಿತ್ತು ಪರೀಕ್ಷೆಗೆ ಕಳಿಸಿದರೂ ಧ್ವನಿ ಮೊದಲಿನಂತಿರುತ್ತದೆಂಬ ಭರವಸೆ ಇರಲಿಲ್ಲ. ಶಸ್ತ್ರಚಿಕಿತ್ಸಕ ವುರ್ಸ್ಟರ್ ಸುತ್ತಿಬಳಸುವವರಲ್ಲ.

"ಎರಡೂ ಕಡೆ ತೆಗೀಬೇಕಾಗತ್ತೆ. ಜೀವ ಉಳಿಯತ್ತೆ, ಈ ಗಂಟಲು ಉಳಿಯಲ್ಲ."

"ಪಿಸುಮಾತಲ್ಲಿ ಕರು ಮಾರಕ್ಕಾಗತ್ತಾ ಡಾಕ್ಟರ್ರೇ?" ಎಂದು ಕೇಳಿದರು ಆಕೆ.

ಚುಕ್ಕೆಯ ಮೇಲೆ ಅನುಮಾನಪಟ್ಟವಳು ನಮ್ಮ ಭೌತವಿಜ್ಞಾನಿ ಅನ್ನೆಗ್ರೆಟ್ ಬಿಟ್ಸರ್. ಎರಡು ಚುಕ್ಕೆ ಒಂದೇ ಗೆರೆಯಲ್ಲಿವೆ, ನಡುವೆ ಬರೀ ಗಾಳಿ, ಗೆರೆಯೂ ಅಯಸ್ಕಾಂತದ ಉದ್ದಕ್ಕೇ ಇದೆ ಎಂದಳು. ಮಧ್ಯಾಹ್ನ ಯಂತ್ರ ಖಾಲಿಯಾದಾಗ ಒಂದು ಪ್ಲಾಸ್ಟಿಕ್ ಕೊಳವೆಯ ಒಂದು ತುದಿಗೆ ಗ್ಯಾಲಿಯಂ ಕುಡಿಸಿದ ಸ್ಪಂಜು, ಇನ್ನೊಂದು ತುದಿಗೆ ಬರೀ ನೀರಿನ ಸ್ಪಂಜು ಇಟ್ಟಳು. ಕೊಳವೆಯನ್ನು ಸುರಂಗದ ಉದ್ದಕ್ಕೆ ಮಲಗಿಸಿದಾಗ ನೀರಿನ ಸ್ಪಂಜೂ ಹೊಳೆಯಿತು. ಅಡ್ಡಕ್ಕೆ ತಿರುಗಿಸಿದಾಗ ಆರಿಹೋಯಿತು.

ಮರುದಿನ ಅವಳು ಫ್ರಾವ್ ಕ್ನೋಡ್ಲರ್‌ಗೆ ಹೀಗೆ ಹೇಳಿದಳು: "ಗ್ಯಾಲಿಯಂನಿಂದ ಹೊರಡೋ ಕಣಕ್ಕೆ ವೇಗ ಜಾಸ್ತಿ. ಮಾಂಸದೊಳಗೆ ನಿಲ್ಲದೆ ಗಾಳಿಗೆ ಹಾರಿಬಿಡತ್ತೆ. ಅಲ್ಲಿ ಅಯಸ್ಕಾಂತ ಅದನ್ನ ಪಕ್ಕಕ್ಕೆ ಹೋಗಕ್ಕೆ ಬಿಡಲ್ಲ, ನೇರ ಓಡಿಸತ್ತೆ. ಮುಂದೆ ಯಾವ ಮಾಂಸ ಸಿಗತ್ತೋ ಅಲ್ಲಿ ಡಿಕ್ಕಿ, ಅಲ್ಲೇ ಹೊಳಪು."

"ಎರಡೂ ಕಡೆ ಬೇಲಿ ಹಾಕಿದ ಓಣಿಗೆ ಕರು ಬಿಟ್ಟ ಹಾಗೆ."

"ಹಾಗೇನೇ. ಫ್ಲೋರಿನ್ ಕಣ ಬಡಪಾಯಿ, ಮಾಂಸ ದಾಟೋ ಮೊದ್ಲೇ ಸುಸ್ತಾಗತ್ತೆ. ಅದ್ರಲ್ಲಿ ತೆಗೆದ ಚಿತ್ರದಲ್ಲೂ ಮೇಲಿನ ಚುಕ್ಕೆ ಇದ್ರೆ ಅದು ಗಡ್ಡೆನೇ."

"ಇಲ್ದಿದ್ರೆ?"

"ನಾವು ಬೆಪ್ಪಾದ್ವಿ ಅಂತ."

ತೊಡಕೆಂದರೆ, ಫ್ಲೋರಿನ್‌ಗೆ ನಮ್ಮ ಸರದಿ ಬರಲು ಎರಡು ವಾರ ಬೇಕಿತ್ತು. ವುರ್ಸ್ಟರ್ ಆ ಗುರುವಾರಕ್ಕೇ ಶಸ್ತ್ರಚಿಕಿತ್ಸೆಯ ಮೇಜು ಕಾದಿರಿಸಿದ್ದರು. ಗಡ್ಡೆ ನಮ್ಮ ಪ್ರಯೋಗಕ್ಕೆ ಕಾಯುವುದಿಲ್ಲ ಎಂದರು, ಅದೂ ಸುಳ್ಳಲ್ಲ. ಫ್ರಾವ್ ಕ್ನೋಡ್ಲರ್ ನನ್ನ ಕಡೆ ತಿರುಗಿದರು.

"ನಿಮ್ಮ ತಂಗಿ ಆಗಿದ್ರೆ ಏನಂತಿದ್ರಿ?"

ಇಂಥ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಅಂದು ಕೊಟ್ಟೆ.

"ಕಾಯು ಅಂತಿದ್ದೆ. ಎರಡು ವಾರ ಭಯ ಪಡ್ತೀಯ, ಅದನ್ನೂ ಹೇಳ್ತಿದ್ದೆ."

ಆಕೆ ಗುರುವಾರವನ್ನು ಬಿಟ್ಟುಕೊಟ್ಟರು. ವುರ್ಸ್ಟರ್ ಭುಜ ಹಾರಿಸಿದರೂ ಹೊಸ ಚಿತ್ರದ ನಂತರದ ತಮ್ಮ ಮೊದಲ ಖಾಲಿ ದಿನವನ್ನು ಆಕೆಗೇ ಇಟ್ಟರು.

ಫ್ಲೋರಿನ್ ಬಂದ ದಿನ ಆಕೆ ತಮಾಷೆ ಮಾಡಲಿಲ್ಲ. ಸುರಂಗದಿಂದ ಹೊರಬಂದವರು ಚಪ್ಪಲಿ ಕೂಡ ಮೆಟ್ಟದೆ ಪರದೆಯ ಮುಂದೆ ನಿಂತರು. ಕೆಳಗಿನ ಚುಕ್ಕೆ ಮೊದಲಿಗಿಂತ ಚಿಕ್ಕದಾಗಿ, ಅಂಚು ಚೊಕ್ಕವಾಗಿ ಕಂಡಿತು. ಗಡ್ಡೆ ಕುಗ್ಗಿದ್ದಲ್ಲ, ಚಿತ್ರ ತಿಳಿಯಾದದ್ದು. ಧ್ವನಿತಂತುಗಳ ಹತ್ತಿರ ಏನೂ ಇರಲಿಲ್ಲ. ವುರ್ಸ್ಟರ್ ಹಳೆಯ ಚಿತ್ರವನ್ನೂ ಪಕ್ಕಕ್ಕೆ ಹಾಕಿಸಿ ಬಹಳ ಹೊತ್ತು ನೋಡಿದರು.

"ಕೆಳಗಿನದು ಮಾತ್ರ ತೆಗೀತೀನಿ. ಗಂಟಲು ಮುಟ್ಟಲ್ಲ."

"ಯಾವಾಗ?"

"ಮುಂದಿನ ಬುಧವಾರ."

"ಅಲ್ಲೀವರೆಗೂ ಯಾಕೆ? ನಾಳೆ ಆಗಲ್ವಾ?" ಎಂದರು ಫ್ರಾವ್ ಕ್ನೋಡ್ಲರ್, ಕಾರಿಡಾರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.