ಟಕ್ಕೆನ್ನುವ ಹೊತ್ತು

ನಮ್ಮೂರಲ್ಲಿ ಮೊದಲು ಟ್ರಾಕ್ಟರ್ ಕಟ್ಟಿದ ಮನೆ ನಮ್ಮದು. ಎತ್ತು ಕಟ್ಟಿದಂತೆ ಟ್ರಾಕ್ಟರ್ ಕಟ್ಟಿದೆವು ಎಂದೇ ನಾವು ಹೇಳುವುದು. ಹೇಳುವಾಗ ಈ ಕಳಕಮ್ಮನಿಗೆ ಈಗಲೂ ಹೆಮ್ಮೆ, ಮುಚ್ಚಿಡುವುದೇನಿದೆ?

ಆಗಿನ್ನೂ ನಿಜಾಮರ ಕಾಲ. ಗದಗಿನ ಗಿರಣಿಯವರು ಬೇಡವೆಂದು ಬಿಟ್ಟ ಹಳೆಯ ಟ್ರಾಕ್ಟರನ್ನು ನನ್ನ ಗಂಡ ಯಲಬುರ್ಗಾದ ಆಚೆಯ ನಮ್ಮ ಹಳ್ಳಿಗೆ ತಂದು, ಬಿಚ್ಚಿ, ಜೋಡಿಸಿ, ಕಪ್ಪು ಮಣ್ಣಿನ ಎರಿ ಹೊಲ ಹರಗಿ ತೋರಿಸಿದ್ದರು. ಮನೆಯ ಯಜಮಾನಿಕೆ ಅವರ ಅಣ್ಣ ಕೊಟ್ರಬಸಪ್ಪನವರದು. ಆ ಬಾವನಿಗೆ ಮಾತ್ರ ಟ್ರಾಕ್ಟರ್ ಕಂಡರೆ ಆಗುತ್ತಿರಲಿಲ್ಲ.

ಆ ವರ್ಷ ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದದ್ದಾಯಿತು. ನಮ್ಮತ್ತೆ ಶೇಖರಮ್ಮ ಹಟ ಹಿಡಿದರು: "ಅದೂ ಹೊಲದಾಗ ದುಡಿತೈತಿ. ಅದಕ್ಕೂ ಮೈ ತೊಳಿ ಈಶಾ."

ತಾಯಿಯ ಮಾತು ಮೀರುವ ಮಗನಲ್ಲ ನನ್ನ ಗಂಡ. ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ತೋಯಬಾರದೆಂದು ಅದನ್ನು ಬಿಚ್ಚಿ ಒಳಗಿಟ್ಟರು. ಟ್ರಾಕ್ಟರಿಗೆ ನೀರು ಹೊಯ್ದು, ಕೆಮ್ಮಣ್ಣು ಬಳಿದು, ಹೋಳಿಗೆ ಎಡೆ ತೋರಿಸಿ, ಮ್ಯಾಗ್ನೆಟೊ ಮತ್ತೆ ಕೂಡಿಸಿದರು. ಊರೆಲ್ಲ ನಿಂತು ನಕ್ಕಿತು. ನಗಲಿ, ಹಲ್ಲು ಅವರವು.

ಮಿರಗದ, ಅಂದರೆ ಮೃಗಶಿರಾ ಮಳೆಗೆ ಹೊಲ ಹದವಾಗಿತ್ತು. ಹಬ್ಬದ ಮರುದಿನ ಹ್ಯಾಂಡಲ್ ತಿರುವಿದರೆ ಇಂಜಿನ್ ಢಬ್ಬೆಂದು ಬೆಂಕಿ ಉಗುಳಿತು. ಹ್ಯಾಂಡಲ್ ಹಿಂದಕ್ಕೆ ಒದ್ದು ಗಂಡನ ಮಣಿಕಟ್ಟು ಬಾತುಕೊಂಡಿತು.

"ಒದಿಯೋ ಎತ್ತು ಮನ್ಯಾಗ ಇಟ್ಕೋಬಾರದು. ನಾಳಿ ಚಾಲು ಆಗಲಿಲ್ಲಂದ್ರ ಎಳಕೊಂಡು ಹೋಗಿ ಗುಜರಿಗೆ ಹಾಕತೇನಿ," ಎಂದರು ಬಾವ.

ನನ್ನ ಗಂಡ ಉಣ್ಣದೆ ಮುಸುಕೆಳೆದು ಮಲಗಿಬಿಟ್ಟರು. ನನಗೆ ಸಿಟ್ಟು ಬಂತು, ಬಾವನ ಮೇಲಲ್ಲ, ಅಷ್ಟು ಬೇಗ ಕೈಚೆಲ್ಲಿದ ಗಂಡನ ಮೇಲೆ.

ಬೆಳಗಾಗುತ್ತಲೇ ಅವರನ್ನು ಎಬ್ಬಿಸಿ ಟ್ರಾಕ್ಟರ್ ಮುಂದೆ ನಿಲ್ಲಿಸಿದೆ.

"ಎಣ್ಣಿ ಐತಿ, ಕಿಡಿ ಐತಿ. ಮತ್ತೇನಾಗೈತಿ ಇದಕ್ಕ?" ಎಂದು ಅವರು ತಲೆ ಕೆರೆದುಕೊಂಡರು. ಎಣ್ಣೆ ಬಂದ್ ಮಾಡಿ, ಹ್ಯಾಂಡಲನ್ನು ಮೆಲ್ಲಗೆ ತಿರುವಲು ನನಗೆ ಹೇಳಿದರು.

ದಿನಾ ರೊಟ್ಟಿ ಬಡಿಯುತ್ತ ಕೇಳಿದ ಸದ್ದು ಅದು. ಒಳಗೆ ಗಾಳಿ ಬಿಗಿದು ಬುಸ್ಸೆನ್ನಬೇಕು, ಆಮೇಲೆ ಮ್ಯಾಗ್ನೆಟೊ ಟಕ್ಕೆನ್ನಬೇಕು. ಈಗ ಹಾಗಿರಲಿಲ್ಲ.

"ಟಕ್ ಅನ್ನೂದು ಮೊದಲ ಬರಾಕತ್ತೈತಲ್ರಿ! ಗಾಳಿ ಇನ್ನೂ ಬಿಗಿಯಾಕತ್ತೈತಿ."

"ಇನ್ನೊಮ್ಮಿ ತಿರುವು." ಕಿವಿಗೊಟ್ಟು ಕೇಳಿದವರೇ ಹಣೆ ಬಡಿದುಕೊಂಡರು. "ಪಿಸ್ಟನ್ ಮ್ಯಾಲ ಏರೂದ್ರಾಗ ಕಿಡಿ ಹಾರತೈತಿ. ಅದಕ್ಕ ಹಿಂದಕ್ಕ ಒದಿತೈತಿ. ನಾನ ಮ್ಯಾಗ್ನೆಟೊದ ಗಾಲಿ ಒಂದು ಹಲ್ಲು ತಪ್ಪಿಸಿ ಕೂಡಿಸೇನಿ!"

ಪಿಸ್ಟನ್ ಎಲ್ಲಿದೆಯೆಂದು ತಿಳಿಯಲು ಪ್ಲಗ್ ಬಿಚ್ಚಿ, ಅದರ ತೂತಿನಲ್ಲಿ ಬಿದಿರ ಕಡ್ಡಿ ಇಳಿಸಿದರು. ನಾನು ಹ್ಯಾಂಡಲ್ ತಿರುವಿದಂತೆ ಕಡ್ಡಿ ಮೇಲೆದ್ದು ತುದಿ ಮುಟ್ಟಿ ನಿಂತಿತು. ಮ್ಯಾಗ್ನೆಟೊ ಹೊರಗೆಳೆದು, ಅದರ ಗಾಲಿಯನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿ ಕೂಡಿಸಿದೆವು. ಪ್ಲಗ್ ಹಾಕಿ ಮತ್ತೆ ತಿರುವಿದೆ. ಮೊದಲು ಬುಸ್, ಆಮೇಲೆ ಟಕ್.

ಅಷ್ಟರಲ್ಲಿ ಬಾವ ಎತ್ತು ಹೊಡೆದುಕೊಂಡು ಬಂದು ಟ್ರಾಕ್ಟರಿಗೆ ಸರಪಳಿ ಬಿಗಿಯತೊಡಗಿದ್ದರು. ಹಿಂದೆ ಊರು. ನಾನು ಸೆರಗು ಸಿಕ್ಕಿಸಿದ್ದು ಕಂಡು, "ಹೆಣ್ಮಗಳ ಕೈಯಾಗ ಹ್ಯಾಂಡಲ್ ಕೊಟ್ಟು ನಗಿಗೇಡ ಆಗಬ್ಯಾಡ್ರಿ," ಎಂದರು.

"ನಗಿಗೇಡ ನಿನ್ನೆನ ಆತು ಬಾವಾರ. ಇವತ್ತು ನೋಡ್ರಿ."

ಗಂಡ ಎಣ್ಣೆ ಬಿಟ್ಟರು. ಒದ್ದರೆ ಹೆಬ್ಬೆರಳು ಮುರಿಯಬಾರದೆಂದು ಅದನ್ನೂ ಬೆರಳುಗಳ ಜೊತೆಗೇ ಇಟ್ಟು, ಉಸಿರು ಬಿಗಿಹಿಡಿದು ಹ್ಯಾಂಡಲ್ ಮೇಲಕ್ಕೆ ಎಳೆದೆ. ಭಡಭಡಭಡ! ಅಂಗಳ ನಡುಗಿತು, ಎತ್ತು ಬೆದರಿದವು. ನನ್ನ ಗಂಡ ಕೂಸಿನ ಹಾಗೆ ನಕ್ಕರು. ಆ ನಗು ಕಂಡು ನನ್ನೆದೆ ಉಬ್ಬಿಹೋಯಿತು.

ಬಾವ ಎತ್ತುಗಳನ್ನು ಸಂತೈಸಿ ಹಿಡಿದರು. ಆಮೇಲೆ ತಾವೇ ಬಗ್ಗಿ ಸರಪಳಿ ಬಿಚ್ಚಿ, ಊರವರತ್ತ ತಿರುಗಿದರು.

"ಯಾರ್ಲೇ ನಕ್ಕಾಂವ? ನಮ್ಮ ಮನಿ ಸೊಸಿ ಚಾಲು ಮಾಡ್ಯಾಳ. ನಾಳಿ ನಿಮ್ಮ ಹೊಲಕ್ಕ ಟ್ರಾಕ್ಟರ್ ಬೇಕಂದ್ರ ಆಕಿನ್ನ ಕೇಳ್ರಿ, ನನ್ನ ಕೇಳಬ್ಯಾಡ್ರಿ."