ಮೇಷ್ಟ್ರು ಉತ್ತರಿಸದ ಮೂರು ದಿನ

ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ಒಂದು ಚಟವಿತ್ತು. ಸಿಗರೇಟಲ್ಲ, ಇಸ್ಪೀಟಲ್ಲ, ಉತ್ತರ ಹೇಳುವ ಚಟ. ಅವರ ಕೋರ್ಸು ವಾರಕ್ಕೆರಡು ದಿನ ತರಗತಿಯಲ್ಲಿ, ಉಳಿದಂತೆ ಆನ್‌ಲೈನ್ ಚರ್ಚಾ ವೇದಿಕೆಯಲ್ಲಿ ನಡೆಯುತ್ತಿತ್ತು. ಅಲ್ಲಿ ಯಾರಾದರೂ ಪ್ರಶ್ನೆ ಹಾಕಿದ ಐದೇ ನಿಮಿಷಕ್ಕೆ ಮೇಷ್ಟ್ರ ಉತ್ತರ ಹಾಜರು, ಅದೂ ಉದಾಹರಣೆ ಸಮೇತ. ಅದರ ಕೆಳಗೆ ಸಾಲಾಗಿ ‘ಥ್ಯಾಂಕ್ಯೂ ಸರ್’. ಅಲ್ಲಿಗೆ ಚರ್ಚೆಗೆ ಮಂಗಳ ಹಾಡಿದಂತೆಯೇ.

ಡೀನ್ ಮೇಡಂ ಒಂದು ದಿನ ಕರೆಸಿದರು. “ಇನ್ನೂರ ಹನ್ನೆರಡು ಬರಹದಲ್ಲಿ ನೂರ ಎಂಬತ್ತು ನಿಮ್ಮವೇ, ಸರ್. ಇದು ಚರ್ಚೆನಾ, ಭಾಷಣನಾ? ತಿಂಗಳ ಕೊನೆಗೂ ಹೀಗೇ ಇದ್ರೆ ವೇದಿಕೆ ಮುಚ್ಚಿಬಿಡೋಣ. ಎಲ್ರೂ ದಿನಾ ತರಗತಿಗೇ ಬರಲಿ.”

ಮೇಷ್ಟ್ರು ಮನಸ್ಸಿನಲ್ಲೇ ಹಾಜರಿ ಪಟ್ಟಿ ಬಿಚ್ಚಿದರು. ಅವರ ಅರ್ಧಕ್ಕರ್ಧ ವಿದ್ಯಾರ್ಥಿಗಳು ಕೆಲಸ ಮಾಡಿಕೊಂಡು ಓದುವವರು. ದಿನಾ ಬರಬೇಕೆಂದರೆ ಅವರು ಓದನ್ನೇ ಬಿಡುತ್ತಾರೆ. ಆದರೂ ಬೆರಳು ಮಾತ್ರ ಸುಮ್ಮನಿರಲಿಲ್ಲ, ಹುಟ್ಟುಗುಣ ನೋಡಿ.

ಅಷ್ಟರಲ್ಲಿ ಕಣ್ಣಿನ ಪೊರೆಯ ಆಪರೇಷನ್ ದಿನ ಬಂತು. ಮೇಷ್ಟ್ರು ಹೊರಡುವ ಮುಂಚೆ ವೇದಿಕೆಯಲ್ಲಿ ಆಪರೇಷನ್ ವಿಷಯ ತಿಳಿಸಿ ಒಂದು ಪ್ರಶ್ನೆ ಹಾಕಿದರು: ‘ಒಂದು ಕ್ಲಿನಿಕ್ಕಿನಲ್ಲಿ ಒಂಬತ್ತು ಜನ ಹತ್ತು ಹತ್ತು ನಿಮಿಷ ಕಾದರು, ಒಬ್ಬರು ಮೂರು ಗಂಟೆ. ಎಷ್ಟು ಹೊತ್ತು ಕಾಯಬೇಕಾದೀತೆಂದು ಬಾಗಿಲ ಬೋರ್ಡಿನಲ್ಲಿ ಏನು ಬರೆಯಬೇಕು?’

ಡಾಕ್ಟರು ಮೂರು ದಿನ ಫೋನು, ಕಂಪ್ಯೂಟರು ಎರಡನ್ನೂ ಮುಟ್ಟಕೂಡದು ಎಂದರು. ಆರೈಕೆಗೆ ಬಂದ ಅಕ್ಕ, ನಲವತ್ತು ವರ್ಷ ಟೈಲರಿಂಗ್ ಮಾಡಿದವಳು, ಮೊದಲು ಫೋನನ್ನೇ ಕಿತ್ತಿಟ್ಟುಕೊಂಡಳು.

“ಓದಿಯಾದ್ರೂ ಹೇಳೇ, ಅಕ್ಕ.”

ಅಕ್ಕ ಕನ್ನಡಕ ಏರಿಸಿ ಓದಿದಳು. ತರಗತಿಯ ಬುದ್ಧಿವಂತನೊಬ್ಬ ಸರಾಸರಿ ತೆಗೆದು ‘ಇಪ್ಪತ್ತೇಳು ನಿಮಿಷ’ ಎಂದಿದ್ದ. ಹನ್ನೆರಡು ಜನ ಕುರಿಮಂದೆಯಂತೆ ‘ಹೌದು ಹೌದು’ ಎಂದಿದ್ದರು.

“ಅಯ್ಯೋ, ತಪ್ಪು! ಟೈಪ್ ಮಾಡು, ನಾನು ಹೇಳ್ತೀನಿ!”

“ನನಗೆ ಹೊಲಿಯೋಕೆ ಬರುತ್ತೆ, ಟೈಪ್ ಮಾಡೋಕೆ ಬರಲ್ಲ. ಸುಮ್ನೆ ಬಿದ್ಕೊಳೋ.”

ಆ ದಿನವೆಲ್ಲ ಮೇಷ್ಟ್ರಿಗೆ ಮುಳ್ಳಿನ ಮೇಲೆ ಮಲಗಿದ ಹಾಗಿತ್ತು. ತಪ್ಪು ಉತ್ತರವೇ ಖಾಯಂ ಆಗುತ್ತದೆ, ಡೀನ್ ಮೇಡಂ ಅದನ್ನು ನೋಡುತ್ತಾರೆ, ವೇದಿಕೆಗೆ ಬೀಗ ಬೀಳುತ್ತದೆ ಎಂದು ಒಂದೇ ಗೋಳು.

ಮರುದಿನ ಅಕ್ಕ ಓದುತ್ತಾ ಓದುತ್ತಾ ದನಿ ಏರಿಸಿದಳು. ತರಗತಿಯಲ್ಲಿ ಒಮ್ಮೆಯೂ ಬಾಯಿ ಬಿಡದ ಹುಡುಗಿ, ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು, ಬರೆದಿದ್ದಳು: ‘ಆ ಸಾಲಲ್ಲಿ ಇಪ್ಪತ್ತೇಳು ನಿಮಿಷ ಕಾದವರು ಒಬ್ಬರೂ ಇಲ್ಲವಲ್ಲ! ಎಲ್ಲರನ್ನೂ ಕಾದ ಹೊತ್ತಿನ ಕ್ರಮದಲ್ಲಿ ನಿಲ್ಲಿಸಿ ನಡುವಿನವರನ್ನು ಕೇಳಿ, ಹತ್ತು ನಿಮಿಷ ಅಂತಾರೆ.’

“ಅದೇ ಮಧ್ಯಾಂಕ!” ಮೇಷ್ಟ್ರು ಎದ್ದು ಕೂತರು.

“ತಡಿಯೋ, ಮುಗೀಲಿಲ್ಲ. ಬಸ್ ಡ್ರೈವರೊಬ್ಬ ಬರ್ದಿದ್ದಾನೆ ನೋಡು, ‘ಹಾಗಾದ್ರೆ ಮೂರು ಗಂಟೆ ಕಾದವರು ಮನುಷ್ಯರಲ್ವಾ?’ ಅಂತ. ಸರಿಯಾಗೇ ಕೇಳಿದ್ದಾನೆ. ನಿನ್ನ ಕಣ್ಣಾಸ್ಪತ್ರೇಲಿ ನಾನೂ ಕಾದು ಕಾದು ಸುಣ್ಣ ಆಗಿದ್ದೆ!”

ಅಲ್ಲಿಂದ ಶುರುವಾದ ಜಟಾಪಟಿ ನಿಲ್ಲಲೇ ಇಲ್ಲ. ಬೋರ್ಡಿನಲ್ಲಿ ಹತ್ತು ನಿಮಿಷ, ಮೂರು ಗಂಟೆ ಎಂದು ಎರಡು ಅಂಕಿ ಬರೆಯಿರಿ ಎಂದು ಒಬ್ಬರು, ಬೋರ್ಡೇ ಬೇಡ ಎಂದು ಇನ್ನೊಬ್ಬರು. ಇಪ್ಪತ್ತೇಳು ಎಂದಿದ್ದ ಬುದ್ಧಿವಂತ ತಾನೇ ತನ್ನ ಲೆಕ್ಕದ ಹುಳುಕು ಹುಡುಕಿ ಹಾಕಿದ. ಮೇಷ್ಟ್ರು ಹತ್ತು ವರ್ಷದಿಂದ ಗಂಟಲು ಹರಿದುಕೊಂಡು ಹೇಳುತ್ತಿದ್ದುದನ್ನೆಲ್ಲ ಅವರೇ ಒಬ್ಬರಿಗೊಬ್ಬರು ಹೇಳಿಕೊಂಡರು.

ನಾಲ್ಕನೆಯ ದಿನ ಬೆಳಿಗ್ಗೆ ಫೋನು ಕೈಗೆ ಬಂತು. ಮೂರು ದಿನದಲ್ಲಿ ತೊಂಬತ್ತನಾಲ್ಕು ಬರಹ, ಅದರಲ್ಲಿ ಮೇಷ್ಟ್ರದ್ದು ಒಂದೇ, ಆ ಮೊದಲ ಪ್ರಶ್ನೆ. ಡೀನ್ ಮೇಡಂ ಕೂಡ ಜಗಳಕ್ಕಿಳಿದಿದ್ದರು: ‘ವೇದಿಕೆ ಮುಂದಿನ ವರ್ಷವೂ ಇರುತ್ತದೆ. ಮೊದಲು ಹೇಳಿ, ಎರಡು ಅಂಕಿ ಬರೆದರೆ ಜನರಿಗೆ ಗೊಂದಲ ಆಗುವುದಿಲ್ಲವೇ?’

ಮೇಷ್ಟ್ರ ಎದೆಯ ಭಾರ ಇಳಿಯಿತು. ಆ ಪ್ರಶ್ನೆಗೆ ಸೊಗಸಾದ ಉತ್ತರವೂ ಹೊಳೆಯಿತು. ಮೂರು ಸಾಲು ಟೈಪ್ ಮಾಡಿಯೂ ಬಿಟ್ಟರು. ಆಗ ಔಷಧಿ ಅಂಗಡಿ ಹುಡುಗಿಯ ಹೊಸ ಬರಹ ಬಂತು: ‘ಸರ್, ನಿಮ್ಮ ಕಣ್ಣಿಗೆ ಇನ್ನೆರಡು ದಿನ ವಿಶ್ರಾಂತಿ ಕೊಡಿ. ನಮ್ಮದಿನ್ನೂ ಮುಗಿದಿಲ್ಲ.’

ಮೇಷ್ಟ್ರಿಗೆ ಚುರುಕ್ಕೆಂದಿತು. ಮರುಕ್ಷಣವೇ ನಗು ಉಕ್ಕಿ ಬಂತು. ಮೂರೂ ಸಾಲು ಅಳಿಸಿ, ಫೋನನ್ನು ಅಕ್ಕನತ್ತ ಚಾಚಿದರು.

“ನೀನೇ ಓದೇ, ಅಕ್ಕ. ನನ್ನ ಕೈಲಿದ್ರೆ ಉತ್ತರ ಹೇಳಿಬಿಡ್ತೀನಿ.”