ನಿಕಾನೊರನ ಮೂಲೆ

ಮೆಕ್ಸಿಕೊದ ಈ ತೆಂಕಣ ಕರಾವಳಿಯಲ್ಲಿ, ನಮ್ಮ ಪಾಸೊ ದೆಲ್ ಹಿಕಾರೊ ಊರಿನಲ್ಲಿ, ಎಳ್ಳು ಬಿತ್ತುವ ಪ್ರತಿಯೊಬ್ಬರೂ ಹೊಲದ ಒಂದು ಮೂಲೆಯನ್ನು ಸತ್ತವರಿಗೆಂದು ಬಿಡುತ್ತಿದ್ದರು. ಹೊಲಕ್ಕೆಲ್ಲ ಬಿಳಿ ಎಳ್ಳು. ಆ ಮೂಲೆಗೆ ಮಾತ್ರ ಕರಿ ಎಳ್ಳು. ಜುಲೈ ಕೊನೆಯಲ್ಲಿ ಸಂತ ಸಾಂತ್ಯಾಗೊನ ಹಬ್ಬ ಕಳೆದ ಮೇಲೆ ಎರಡನ್ನೂ ಬಿತ್ತುವುದು. ಅಕ್ಟೋಬರ್ ಮುಗಿಯುತ್ತಾ ಬಂದಾಗ ಕರಿ ಗಿಡದ ಬುಡದ ಕಾಯಿಗಳು ಬಾಯಿ ಬಿಡಲು ತೊಡಗುತ್ತವೆ. ಅವನ್ನು ಮೊದಲು ಕೊಯ್ದು, ಬಿಸಿಲಿಗಿಟ್ಟು, ಒದರಿ, ಹುರಿದು, ಬೆಲ್ಲದ ಪಾಕದಲ್ಲಿ ಬಿಲ್ಲೆ ಮಾಡಿ, ಸತ್ತವರು ಮನೆಗೆ ಬಂದುಹೋಗುವ ನವೆಂಬರ್ ಎರಡರ ಸತ್ತವರ ದಿನ ಮನೆಯ ಪೀಠದ ಮೇಲಿಡುವುದು. ಬಿಳಿಯದು ಸಂತೆಗೆ, ಕರಿಯದು ಸ್ವರ್ಗಕ್ಕೆ ಎನ್ನುತ್ತಿದ್ದಳು ನನ್ನ ಅಜ್ಜಿ. ಕರಿ ಎಳ್ಳನ್ನು ಯಾರೂ ಮಾರಿದ್ದನ್ನು ನಾನು ಕಂಡಿಲ್ಲ.

ನನ್ನ ಕೆಲಸ ಪ್ರಾರ್ಥನೆ ಹೇಳುವುದು. ಪಾದ್ರಿಗಳು ನಮ್ಮ ಊರಿಗೆ ಬರುವುದು ಅಪರೂಪ. ಹಾಗಾಗಿ ಸತ್ತವರ ಮನೆಯಲ್ಲಿ ಜಪಮಾಲೆ ಹಿಡಿದು ಕೂರುವುದು, ಗೋರಿಗಳ ಮುಂದೆ ನಿಂತು ಹೆಸರು ಕರೆಯುವುದು ನನ್ನ ಪಾಲಿಗೆ ಬಂದಿದೆ. ಜೊತೆಗೆ ಒಂದು ತುಂಡು ಎಳ್ಳಿನ ಹೊಲವೂ ಇದೆ. ದೇವರು ಒಂದು ಕೈಗೆ ಜಪಮಾಲೆ ಕೊಟ್ಟರೆ ಇನ್ನೊಂದು ಕೈಗೆ ಕುಡುಗೋಲು ಕೊಡುತ್ತಾನೆ. ಎರಡೂ ಕೈ ಖಾಲಿ ಬಿಡುವುದಿಲ್ಲ.

ರೊಸೌರಾ ಎಂಬ ಕೃಷಿ ಇಂಜಿನಿಯರಮ್ಮ ನಮ್ಮಲ್ಲಿಗೆ ಬರತೊಡಗಿದ ಮೇಲೆ ಹೊಲಗಳ ಮುಖವೇ ಬದಲಾಯಿತು. ಎರಚಿ ಬಿತ್ತುತ್ತಿದ್ದವರು ಸಾಲು ಹಿಡಿದು ಬಿತ್ತಿದೆವು. ಒತ್ತಾಗಿ ಬೆಳೆದ ಸಸಿಗಳನ್ನು ಕಿತ್ತು ಉಳಿದವಕ್ಕೆ ಉಸಿರಾಡಲು ಜಾಗ ಬಿಟ್ಟೆವು. ಕಾಯಿ ಒಡೆದು ಕಾಳು ಮಣ್ಣಿಗೆ ಸುರಿಯುವ ಮುಂಚೆಯೇ ಕೊಯ್ದು, ಕಟ್ಟು ಕಟ್ಟಿ, ಟಾರ್ಪಾಲಿನ ಮೇಲೆ ನಿಲ್ಲಿಸಿದೆವು. ಎಲ್ಲರ ಎಳ್ಳನ್ನೂ ಒಂದು ರಾಶಿ ಮಾಡಿ ಒಟ್ಟಿಗೆ ಮಾರುವ ಗುಂಪೂ ಆಯಿತು. ಹಡಗಿನಲ್ಲಿ ಹೊರದೇಶಕ್ಕೆ ಕಳಿಸುವ ವ್ಯಾಪಾರಿಯೊಬ್ಬನನ್ನು ಅವಳೇ ಹುಡುಕಿ ಕರೆತಂದಳು. ಅವನಿಗೆ ಬೇಕಾದದ್ದು ಬ್ರೆಡ್ಡಿನ ಮೇಲೆ ಉದುರಿಸುವ ಅಚ್ಚ ಬಿಳಿ ಎಳ್ಳು.

ಮೊದಲ ವರ್ಷದ ಮಾದರಿ ವಾಪಸು ಬಂತು. ಬಿಳಿಯ ನಡುವೆ ಚಹಾ ಚೆಲ್ಲಿದಂತೆ ಕಂದು ಕಾಳುಗಳು. ಇದು ಗಾಣಕ್ಕೆ ಹಾಕುವ ಎಳ್ಳು, ತಿನ್ನುವ ಎಳ್ಳಲ್ಲ ಎಂದು ವ್ಯಾಪಾರಿ ಹೇಳಿ ಕಳಿಸಿದ್ದ.

ಪ್ರಾರ್ಥನಾ ಮಂದಿರದ ಜಗಲಿಯಲ್ಲಿ ಸಭೆ ಸೇರಿತು. ರೊಸೌರಾ ಆ ಕಾಳುಗಳನ್ನು ಅಂಗೈಯಲ್ಲಿ ಹರಡಿ ತೋರಿಸಿದಳು. "ಕರಿ ಎಳ್ಳಿನ ಹೂವಿನ ಪುಡೀನ ಜೇನುನೊಣ ಬಿಳಿ ಎಳ್ಳಿನ ಹೂವಿಗೆ ಒಯ್ಯುತ್ತೆ. ಈ ವರ್ಷದ ಕಾಳಲ್ಲಿ ಅದು ಕಾಣಲ್ಲ. ಅದನ್ನೇ ಬೀಜ ಮಾಡಿ ಬಿತ್ತಿದ್ರೆ ಮುಂದಿನ ವರ್ಷ ಕಾಣುತ್ತೆ."

"ಅಂದ್ರೆ ನಮ್ಮ ಸತ್ತೋರೇ ನಮ್ಮ ವ್ಯಾಪಾರ ಕೆಡಿಸ್ತಿದಾರೆ ಅನ್ನಿ" ಎಂದ ಕ್ವಿರಿನೊ. ಅವನ ನಾಲಿಗೆ ಹರಿತ. "ನಮ್ಮಪ್ಪ ಬದುಕಿದ್ದಾಗಲೂ ಅದನ್ನೇ ಮಾಡ್ತಿದ್ದ, ಬಿಡಿ."

ಜನ ನಕ್ಕರು. ನಕ್ಕ ಮೇಲೆ ತಲೆ ತಗ್ಗಿಸಿಕೊಂಡು ಕೂತರು. ಕೊನೆಗೆ ಒಬ್ಬೊಬ್ಬರಾಗಿ ಒಪ್ಪಿದರು: ಈ ವರ್ಷದಿಂದ ಕರಿ ಮೂಲೆ ಬೇಡ, ಪೀಠಕ್ಕೆ ಬೇಕಾದಷ್ಟು ಕರಿ ಎಳ್ಳನ್ನು ಪಟ್ಟಣದಿಂದ ತಂದರಾಯಿತು. ರೊಸೌರಾ ತರುವ ಅಚ್ಚ ಬಿಳಿ ಬೀಜ ಬಿತ್ತಿ, ಇಡೀ ಗುಂಪಿಗೆ ಮುಂದಿನ ವರ್ಷದ ಬೀಜ ಬೆಳೆಯಲು ಕ್ವಿರಿನೊನ ಹೊಲವನ್ನು ಆರಿಸಿದರು. ಅದು ಕಣಿವೆಯ ನಡುವಿನ ಒಳ್ಳೆಯ ಮಣ್ಣು. ಆದರೆ ಅದರ ಮಗ್ಗುಲಿಗೇ ಬೆನಿಗ್ನಳ ಹೊಲ. ಬೆನಿಗ್ನ ಸಭೆಗೆ ಬಂದಿರಲಿಲ್ಲ.

"ಆಯಮ್ಮ ಬಿಡಲ್ಲ" ಎಂದ ಕ್ವಿರಿನೊ. "ಅವಳೊಬ್ಬಳು ಕರಿ ಬಿತ್ತಿದ್ರೆ ನನ್ನ ಬೀಜ ಕೆಟ್ಟಿತು. ನನ್ನ ಬೀಜ ಕೆಟ್ರೆ ಎಲ್ಲಾರ್ದೂ ಗಾಣಕ್ಕೆ. ಲಿಂದೊನ್ನ ಕಳಿಸಿ. ಬಾಯಲ್ಲಿ ದೇವರ ಹೆಸರಿರೋನಿಗೆ ಬೈಯೋಕೆ ಅವಳೂ ಸ್ವಲ್ಪ ಹಿಂದೆಮುಂದೆ ನೋಡ್ತಾಳೆ."

ಹಾಗೆ ನಾನು ಹೋದೆ.

ಬೆನಿಗ್ನ ನನಗೆ ರಕ್ತಸಂಬಂಧವಲ್ಲ. ನಮ್ಮ ಕಡೆ ವಯಸ್ಸಾದ ಹೆಂಗಸರೆಲ್ಲ ಚಿಕ್ಕಮ್ಮಂದಿರೇ. ಅವಳು ಅಂಗಳದ ಮರದ ಕೆಳಗೆ ಮೀನು ಹೆರೆಯುತ್ತಿದ್ದಳು.

"ಬಾ ಲಿಂದೊ. ಯಾರು ಸತ್ರು?" ನಾನು ಬಾಗಿಲಿಗೆ ಬಂದರೆ ಊರಿನವರು ಮೊದಲು ಕೇಳುವುದು ಇದನ್ನೇ.

"ಯಾರೂ ಸತ್ತಿಲ್ಲ ಚಿಕ್ಕಮ್ಮ."

"ಹಾಗಾದ್ರೆ ಯಾರೋ ಕಳಿಸಿದಾರೆ. ಕಾಫಿ ಕುಡಿದು ಹೇಳು. ಬರಿಹೊಟ್ಟೇಲಿ ಕೆಟ್ಟ ಮಾತು ಆಡಿದ್ರೆ ಆಡಿದೋನಿಗೇ ವಾಯು."

ಕಾಫಿ ಕುಡಿದು ಹೇಳಿದೆ. ಜೇನುನೊಣದ ವಿಷಯ, ಬೀಜದ ವಿಷಯ, ಗಾಣದ ವಿಷಯ. ಅವಳು ಮೀನು ಹೆರೆಯುವುದನ್ನು ನಿಲ್ಲಿಸಲಿಲ್ಲ.

"ಎಲ್ಲಾರೂ ಬಿಟ್ರಾ?"

"ಎಲ್ಲಾರೂ."

"ಬಿಡಲಿ. ಅವರಿಗೆ ಗೋರಿಗಳಿದಾವೆ. ಹೋದ ವರ್ಷ ನೀನು ನಿಮ್ಮಪ್ಪನ ಗೋರಿಗೆ ಸುಣ್ಣ ಬಳಿದೆ. ನಾನು ಎಲ್ಲಿಗೆ ಬಳೀಲಿ? ನೀರಿಗಾ?"

ಅವಳ ಗಂಡ ನಿಕಾನೊರ್ ಸಮುದ್ರದಲ್ಲಿ ಹೋದವನು. ಬಿತ್ತನೆ ಮುಗಿಸಿ, ಕೊಯ್ಲಿನವರೆಗೆ ಶಾರ್ಕ್ ಮೀನು ಹಿಡಿಯಲು ಹೋಗುವುದು ಅವನ ರೂಢಿ. ಒಂದು ವರ್ಷ ದೋಣಿ ಮಾತ್ರ ದಡಕ್ಕೆ ಬಂತು. ಇದು ಊರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಸ್ಮಶಾನದಲ್ಲಿ ಹೆಸರು ಕರೆಯುವಾಗ ಅವನ ಹೆಸರನ್ನೂ ಕಡೆಯಲ್ಲಿ ಸೇರಿಸುತ್ತಿದ್ದೆ. ಗೋರಿಯಿಲ್ಲದ ಹೆಸರು ಎಲ್ಲಿ ನಿಲ್ಲುತ್ತದೆ ಎಂದು ಯೋಚಿಸಿರಲಿಲ್ಲ.

"ಅವತ್ತು ಬೆಳಿಗ್ಗೆ ಆ ಮೂಲೆ ಬಿತ್ತಿ, ಕಾಲುವೇಲಿ ಕೈ ತೊಳೆದು, ಅಲ್ಲಿಂದಲೇ ಹೋದ" ಎಂದಳು ಬೆನಿಗ್ನ. "ಮನೆಗೂ ಬರಲಿಲ್ಲ. ಮಣ್ಣು ಹಸಿ ಇತ್ತು. ಅವನ ಹೆಜ್ಜೆ ಮುಂದಿನ ಮಳೆವರೆಗೂ ಹಾಗೇ ಇತ್ತು. ಆ ಹೆಜ್ಜೆಗಳೇ ನಾನು ನೋಡಿದ ಹೆಣ, ಲಿಂದೊ. ಅದರ ಮೇಲೇ ಕರಿ ಎಳ್ಳು ಹುಟ್ಟಿತು. ಈಗ ಅದನ್ನ ಅಗೆದು ಹಾಕು ಅಂತ ಹೇಳೋಕೆ ಬಂದೆಯಾ?"

"ಅಗೆಯೋದಲ್ಲ ಚಿಕ್ಕಮ್ಮ, ಬಿತ್ತಬೇಡ ಅಂತ—"

"ಎರಡೂ ಒಂದೇ. ಹೋಗು. ಮೀನು ತಗೊಂಡು ಹೋಗು, ನಿನ್ನ ಹೆಂಡತಿಗೆ ಕೊಡು. ನಿನ್ನ ಮೇಲಿನ ಸಿಟ್ಟು ಅವಳ ಮೇಲಿಲ್ಲ."

ಮೀನು ಹಿಡಿದು ಜಗಲಿಗೆ ಬಂದೆ. ಕಾಯುತ್ತಿದ್ದವರಿಗೆ ನಡೆದದ್ದನ್ನೆಲ್ಲ ಹೇಳಿದೆ. ರೊಸೌರಾ ತನ್ನ ಚಪ್ಪಲಿಯ ಮಣ್ಣನ್ನು ಕಡ್ಡಿಯಲ್ಲಿ ಕೆರೆಯುತ್ತ ಕೂತಿದ್ದಳು.

"ಮೂಲೆ ಇರಲಿ" ಎಂದಳು ಕಡೆಗೆ. "ಹೂವಿಗೆ ಹೂವು ಸಿಗಬಾರದು, ಅಷ್ಟೇ ನನಗೆ ಬೇಕಾದ್ದು. ಬಿಳಿ ಎಳ್ಳಿನ ಹೂವು ಉದುರೋ ಹೊತ್ತಿಗೆ ಕರಿ ಹೂ ಬಿಡೋ ಹಾಗೆ ಬಿತ್ತಲಿ. ಸೆಪ್ಟೆಂಬರ್ ನಡುವೆ. ಆದರೆ ನಾನು ಸುಳ್ಳು ಹೇಳಲ್ಲ. ಸತ್ತವರ ದಿನಕ್ಕೆ ಕಾಳು ಬಂದಿರಲ್ಲ, ಬರೀ ಹೂವು. ಆಮೇಲೆ ಮಳೆ ನಿಂತು ಹೋಗುತ್ತೆ. ಕಾಳು ಕಟ್ಟಿದ್ರೆ ಕಟ್ಟಿತು, ಇಲ್ಲದಿದ್ರೆ ಇಲ್ಲ."

ಮರುದಿನ ಮತ್ತೆ ಹೋದೆ. ಬೆನಿಗ್ನ ಈ ಸಲ ಕಾಫಿ ಕೊಡಲಿಲ್ಲ. ಪೂರ್ತಿ ಕೇಳಿದಳು.

"ಸತ್ತೋರು ಬರೋ ದಿನ ನಾವು ಗೊತ್ತು ಮಾಡಿದ್ದಲ್ಲ, ದೇವರು ಗೊತ್ತು ಮಾಡಿದ್ದು. ಇಂಜಿನಿಯರಮ್ಮ ಅದನ್ನೂ ಮುಂದಕ್ಕೆ ಹಾಕ್ತಾಳಂತಾ?"

"ದಿನ ಅದೇ ಇರುತ್ತೆ. ಬೆಳೆ ಮಾತ್ರ ಹಿಂದೆ."

"ಅಂದ್ರೆ ಅವನು ಅಷ್ಟು ದೂರದಿಂದ, ಉಪ್ಪುನೀರಲ್ಲಿ ನಡ್ಕೊಂಡು ಬಂದು, ಖಾಲಿ ತಟ್ಟೆ ನೋಡಿ ಹೋಗಲಿ." ಅವಳು ನನ್ನತ್ತ ತಿರುಗಿದಳು. "ಜಪಮಾಲೆ ಹಿಡಿಯೋನು ನೀನು. ನೀನೇ ಹೇಳು. ಕಾಳಿನ ವಾಸನೆ ಇಲ್ದಿದ್ರೆ ಅವನಿಗೆ ದಾರಿ ಗೊತ್ತಾಗುತ್ತಾ?"

ಇಂಥ ಪ್ರಶ್ನೆಗೆ ಹೇಳಲು ನನ್ನ ಬಳಿ ಸಾಕಷ್ಟು ಒಳ್ಳೆಯ ಮಾತುಗಳಿದ್ದವು. ಅವನ್ನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ.

"ಗೊತ್ತಿಲ್ಲ ಚಿಕ್ಕಮ್ಮ" ಎಂದೆ.

ಆಮೇಲೆ ಕೇಳಿದಳು: "ನಾನು ಬಿತ್ತಿದ್ರೆ ಕ್ವಿರಿನೊನ ಎಳ್ಳೂ ಗಾಣಕ್ಕೆ ಹೋಗುತ್ತಾ?"

"ಎಲ್ಲಾರ್ದೂ ಹೋಗುತ್ತೆ. ಅವನಿಂದಲೇ ಶುರು."

"ಅವನ ಬಾಯಿ ಚರಂಡಿ. ಆದ್ರೂ ಅವತ್ತು ಅಲೆ ಇನ್ನೂ ಎದ್ದಿರೋವಾಗ್ಲೇ ನಿಕಾನೊರನ್ನ ಹುಡುಕೋಕೆ ದೋಣಿ ಇಳಿಸಿದೋನು ಅವನೊಬ್ಬನೇ. ನಿನಗೆ ನೆನಪಿಲ್ಲ, ನೀನು ದಡದಲ್ಲಿ ಪ್ರಾರ್ಥನೆ ಹೇಳ್ತಿದ್ದೆ." ಎದ್ದು ಒಳಗೆ ಹೋದಳು. ಬಾಗಿಲು ಹಾಕಿದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಸಂತ ಸಾಂತ್ಯಾಗೊನ ಹಬ್ಬ ಬಂತು, ಹೋಯಿತು. ಊರೆಲ್ಲ ಬಿತ್ತನೆಗೆ ಇಳಿಯಿತು. ನಮ್ಮೆಲ್ಲರ ಕಣ್ಣೂ ಬೆನಿಗ್ನಳ ಹೊಲದ ಮೇಲೇ. ಅವಳು ಸಾಲು ಹಿಡಿದು ಬಿಳಿ ಎಳ್ಳು ಬಿತ್ತುತ್ತ ಬಂದು, ಮೂಲೆಯ ಹತ್ತಿರ ನಿಂತಳು. ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಕೈ ಹಾಕಲಿಲ್ಲ. ತಿರುಗಿ ಮನೆಗೆ ಹೋದಳು. ಮೂಲೆ ಬರಿದಾಗಿ ಉಳಿಯಿತು.

ಗುಂಪಿನವರು ಸಂತೋಷಪಟ್ಟರು. ನನಗೆ ಹಾಗಾಗಲಿಲ್ಲ. ಬಿಳಿ ಎಳ್ಳು ಮೊಣಕಾಲೆತ್ತರ, ಸೊಂಟದೆತ್ತರ ಬೆಳೆದು ಹೂ ಬಿಟ್ಟಾಗ, ಆ ದಾರಿಯಲ್ಲಿ ಹೋಗುವಾಗೆಲ್ಲ ಕಣ್ಣು ಮೂಲೆಗೇ ಹೋಗುತ್ತಿತ್ತು. ಅಲ್ಲಿ ಹುಲ್ಲು ಕೂಡ ಇರಲಿಲ್ಲ. ಅವಳು ಬಂದು ಕಳೆ ಕಿತ್ತು ಹೋಗುತ್ತಿದ್ದಳು. ಬರಿ ಮಣ್ಣಿಗೆ ಕಳೆ ಕೀಳುವವರನ್ನು ನಾನು ಮೊದಲ ಸಲ ಕಂಡಿದ್ದು.

ಸೆಪ್ಟೆಂಬರ್ ನಡುವಿನಲ್ಲಿ ಒಂದು ಸಂಜೆ, ಮಳೆ ಹನಿದು ನಿಂತ ಮೇಲೆ, ಅವಳು ಆ ಮಣ್ಣಿನ ಮೇಲೆ ಬಗ್ಗಿದ್ದನ್ನು ದೂರದಿಂದ ನೋಡಿದೆ. ಹತ್ತಿರ ಹೋಗಲಿಲ್ಲ. ಕೆಲವು ಕೆಲಸಗಳನ್ನು ಮನುಷ್ಯ ಒಂಟಿಯಾಗಿಯೇ ಮಾಡಬೇಕು. ನೋಡಿದವನು ಟೋಪಿ ತೆಗೆದು ಮುಂದೆ ನಡೆಯಬೇಕು.

ಅಕ್ಟೋಬರಿನಲ್ಲಿ ರೊಸೌರಾ ಕ್ವಿರಿನೊನ ಹೊಲವನ್ನು ಸಾಲು ಸಾಲು ನಡೆದು ನೋಡಿದಳು. ಬಿಳಿ ಎಳ್ಳಿನ ಕಡೆಯ ಹೂಗಳು ಉದುರಿದ್ದವು. ಪಕ್ಕದ ಮೂಲೆಯಲ್ಲಿ ಕರಿ ಇನ್ನೂ ಮೊಗ್ಗಿಗೂ ಬಂದಿರಲಿಲ್ಲ. "ಬೀಜ ಉಳಿಯಿತು" ಎಂದಳು. ತಿಂಗಳ ಕೊನೆಯಲ್ಲಿ ಕೊಯ್ದು ಕಟ್ಟುಗಳನ್ನು ಟಾರ್ಪಾಲಿನ ಮೇಲೆ ನಿಲ್ಲಿಸಿದೆವು. ಕಣಿವೆಯ ತುಂಬ ಅವು ಪ್ರಾರ್ಥನೆಗೆ ಕೂಡಿದ ಜನರಂತೆ ತಲೆಗೆ ತಲೆ ತಾಗಿಸಿ ನಿಂತಿದ್ದವು.

ಸತ್ತವರ ದಿನ ಸ್ಮಶಾನದಲ್ಲಿ ನಾನು ಹೆಸರು ಕರೆದು ಮುಗಿಸುವಾಗ ಬೆನಿಗ್ನ ಗೇಟಿನ ಹತ್ತಿರ ನಿಂತಿದ್ದಳು. ಕಂಕುಳಲ್ಲಿ ಚೆಂಡುಹೂವಿನ ಬುಟ್ಟಿ.

"ನಿಕಾನೊರನ ಹೆಸರು ಇಲ್ಲಿ ಕರೀಬೇಡ. ಹೊಲಕ್ಕೆ ಬಾ."

ದೊಡ್ಡ ದಾರಿಯಿಂದ ಮೂಲೆಯವರೆಗೂ ಅವಳು ಚೆಂಡುಹೂವಿನ ಎಸಳು ಉದುರಿಸುತ್ತ ನಡೆದಳು. ಸತ್ತವರಿಗೆ ಮನೆಯ ದಾರಿ ತೋರಿಸಲು ನಾವೆಲ್ಲ ಹೊಸಿಲವರೆಗೆ ಉದುರಿಸುವುದನ್ನು ಅವಳು ಮಣ್ಣಿನವರೆಗೆ ಉದುರಿಸಿದಳು. ಕೊಯ್ದು ಬರಿದಾದ ಹೊಲಗಳ ನಡುವೆ ಆ ಒಂದು ತುಂಡು ಮಾತ್ರ ಹಸಿರು. ಗಿಡಗಳು ಕುಳ್ಳು. ಬಡಗಣ ಒಣಗಾಳಿ ಆಗಲೇ ಶುರುವಾಗಿತ್ತು, ಎಲೆಯ ಅಂಚು ಸುರುಳಿ ಸುತ್ತಿತ್ತು. ಆದರೂ ಪುಟ್ಟ ಪುಟ್ಟ ಗಂಟೆಗಳಂತೆ ತಿಳಿನೇರಳೆ ಹೂವು. ಬೇರೆಲ್ಲೂ ಹೂವಿಲ್ಲದ್ದಕ್ಕೆ ಕಣಿವೆಯ ಜೇನೆಲ್ಲ ಅಲ್ಲೇ ಸೇರಿತ್ತು.

ಅವಳು ಮೇಣದಬತ್ತಿ ಹಚ್ಚಿ, ಧೂಪ ಹಾಕಿ, ಒಂದು ಖಾಲಿ ತಟ್ಟೆಯನ್ನು ನೆಲದ ಮೇಲಿಟ್ಟಳು. ಪಟ್ಟಣದ ಎಳ್ಳು ತಂದಿರಲಿಲ್ಲ.

"ನೋಡು" ಎಂದಳು ಮೂಲೆಯತ್ತ, ಅಂಗಳದಲ್ಲಿ ಕೂತ ಗಂಡನೊಂದಿಗೆ ಮಾತಾಡುವ ದನಿಯಲ್ಲಿ. "ಈ ವರ್ಷ ಕಾಳಿಲ್ಲ. ಊರಿನೋರಿಗೋಸ್ಕರ ತಡ ಮಾಡಿದೀನಿ. ಇಲ್ಲಿವರೆಗೂ ಬಂದಿದೀಯ, ಹೂವು ನೋಡ್ಕೊಂಡು ಕೂತಿರು. ನೀನು ಯಾವತ್ತೂ ಹೂವಿನ ಹೊತ್ತಲ್ಲಿ ಹೊಲದಲ್ಲಿ ಇದ್ದೋನೇ ಅಲ್ಲ, ಸಮುದ್ರಕ್ಕೆ ಓಡ್ತಿದ್ದೆ."

ನಾನು ಜಪಮಾಲೆ ತೆಗೆದೆ. ಮೊದಲ ಮಣಿ ಹಿಡಿಯುವಷ್ಟರಲ್ಲಿ ಹಿಂದೆ ಕತ್ತೆಯ ಗೊರಸಿನ ಸದ್ದು. ಕ್ವಿರಿನೊ. ಕತ್ತೆಯ ಎರಡೂ ಮಗ್ಗುಲಿಗೆ ನೀರಿನ ಕ್ಯಾನು.

"ಪ್ರಾರ್ಥನೆಗೆ ಬಂದೆ ಅಂದ್ಕೋಬೇಡಿ" ಎಂದ ನಮ್ಮಿಬ್ಬರನ್ನೂ ನೋಡದೆ. "ಊರಲ್ಲಿ ಕರಿ ಬೀಜ ಯಾರ ಹತ್ರಾನೂ ಉಳಿದಿಲ್ಲ, ಎಲ್ಲಾ ತಿಂದು ಮುಗಿಸಿದಾರೆ. ಇದೂ ಒಣಗಿದ್ರೆ ನಾನು ಸತ್ತಾಗ ಪೀಠದ ಮೇಲೆ ಏನಿಡ್ತಾರೆ? ಪಟ್ಟಣದ್ದಾ? ಥೂ."

"ನೀನು ಸತ್ರೆ ಒಂದು ಬಾಟಲಿ ಇಟ್ರೆ ಸಾಕು, ಬರ್ತೀಯ" ಎಂದಳು ಬೆನಿಗ್ನ.

"ಬಾಟಲಿಗೆ ಬರ್ತೀನಿ. ಎಳ್ಳಿಗೆ ಕೂತ್ಕೋತೀನಿ."

ಅವನು ಕ್ಯಾನು ಇಳಿಸಿ, ಮೇಣದಬತ್ತಿ ಆರದಂತೆ ಬಳಸಿ ನಡೆದು, ಮೊದಲ ಗಿಡದ ಮೇಲೆ ಚೊಂಬಿನಿಂದ ನೀರು ಬಗ್ಗಿಸಿದ. ಜೇನುನೊಣಗಳು ಗುಂಯ್ ಎಂದು ಎದ್ದವು.

"ಹೂವಿನ ಮೇಲೆ ಸುರೀಬೇಡ್ವೋ ಅಯ್ಯೋ" ಎಂದು ಬೆನಿಗ್ನ ಎದ್ದಳು. ಅವನ ಕೈಯಿಂದ ಚೊಂಬು ಕಿತ್ತುಕೊಂಡು, ಮಂಡಿಯೂರಿ, ತಾನೇ ಬುಡಕ್ಕೆ ಹನಿಸಿ ತೋರಿಸಿದಳು. "ಹೀಗೆ. ಬುಡಕ್ಕೆ. ಮೆಲ್ಲಗೆ."

ಕ್ವಿರಿನೊ ಟೋಪಿ ತೆಗೆದು ಅವಳ ಪಕ್ಕ ಮಂಡಿಯೂರಿದ. ಇಬ್ಬರೂ ಸಾಲು ಹಿಡಿದು ಮುಂದೆ ಹೋದರು. ನಾನು ಹಿಂದೆ ನಿಂತು, ನಿಕಾನೊರನ ಹೆಸರನ್ನು ಅವನ ಜಾಗದಲ್ಲಿ ಕರೆದೆ.